ಆಲೂಗಡ್ಡೆಯ ಗೋಡೆ

ಜನವರಿ ೨೧

ಅಪ್ಪನಿಗೆ,

ಕ್ಷೇಮವಾಗಿ ತಲುಪಿದೆ. ಬಸ್ಸಿನಲ್ಲಿ ಪಕ್ಕದವರ ಗೊರಕೆ ನಿನ್ನ ಕಂಪ್ರೆಸರ್ ಸದ್ದಿನ ಹಾಗೇ ಇದ್ದುದರಿಂದ ನನಗೂ ಸುಖವಾಗಿ ನಿದ್ದೆ ಬಂತು. ಫೋನ್ ಮಾಡಬಹುದಿತ್ತು, ಆದರೆ ನಾನೊಂದು ಹೇಳಿದರೆ ನೀನೊಂದು ಕೇಳಿಸಿಕೊಳ್ಳುತ್ತೀಯ. ಆಯುಷ್ಯವೆಲ್ಲ ಆ ಯಂತ್ರದ ಪಕ್ಕ ಕೂತು ಎರಡು ಕಿವಿಯನ್ನೂ ಅದಕ್ಕೇ ಧಾರೆ ಎರೆದುಕೊಟ್ಟವನು ನೀನು. ಅದಕ್ಕೇ ಕಾಗದ.

ಅಪಾಯದಲ್ಲಿ ಗುಂಡಿ ಒತ್ತಿ ಸುದ್ದಿ ಕಳಿಸುವ ನಮ್ಮ ಕಂಪನಿಯ ಕೊರಳ ಬಿಲ್ಲೆಗಳು ನೀನು ಮೆಕ್ಯಾನಿಕ್ ಆಗಿರುವ ಕೋಲ್ಡ್ ಸ್ಟೋರೇಜಿನಲ್ಲೇ ಮೊದಲು ಬಂದು ಕೂತವಲ್ಲ, ಅದರ ಖುಷಿ ಇನ್ನೂ ಇಳಿದಿಲ್ಲ. ನಮ್ಮ ಮುಖ್ಯಸ್ಥರಿಗೂ ವರದಿ ಕೊಟ್ಟೆ. ನಾಲ್ಕೂ ಕೋಣೆಯ ಮೂಲೆ ಮೂಲೆಗೆ, ಅಲ್ಲೇ ಆಲೂಗಡ್ಡೆ ಆರಿಸುವ ಅತ್ತೆಯನ್ನು ಕಳಿಸಿ ಗುಂಡಿ ಒತ್ತಿಸಿದೆವು. ಒಂದು ಸಲವೂ ತಪ್ಪಲಿಲ್ಲ. ಅವಳು ಒತ್ತಿದಾಗಲೆಲ್ಲ ನಿನ್ನ ಮೇಜಿನ ಮೇಲಿನ ಪೆಟ್ಟಿಗೆಯ ಹಸಿರು ದೀಪ ಆರಿ ಕೆಂಪು ದೀಪ ಹತ್ತುತ್ತಿತ್ತು. ಅದನ್ನು ಅಷ್ಟು ದೊಡ್ಡದು ಮಾಡಿಸಿದ್ದು ನಿನ್ನ ಕಿವಿಗೋಸ್ಕರವೇ. ಅತ್ತೆ ಹೇಳಿದ್ದು ಕೇಳಿ ಇಲ್ಲಿ ಎಲ್ಲರೂ ನಕ್ಕರು: "ಹಸುಗೆ ಗಂಟೆ ಕಟ್ಟಿದ ಹಾಗೆ ಕಟ್ಬಿಟ್ಟೆಯಲ್ಲೇ. ಇನ್ನು ನಾನು ಎಲ್ಲಿ ಮೇಯ್ತಿದ್ದೀನಿ ಅಂತ ನಿಮ್ಮಪ್ಪಂಗೆ ಕೂತಲ್ಲೇ ಗೊತ್ತಾಗುತ್ತೆ."

ಬಿಲ್ಲೆಗಳನ್ನು ದಿನಾ ಸಂಜೆ ಚಾರ್ಜಿಗೆ ಹಾಕುವುದು ನಿನ್ನ ಪಾಲಿನ ಕೆಲಸ, ಮರೆಯಬೇಡ. ಆ ನಿನ್ನ ಹಗ್ಗದ ಗಂಟೆಗೆ ಇನ್ನು ಪಿಂಚಣಿ ಕೊಟ್ಟುಬಿಡಬಹುದು.

ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದವಳ ಕೊರಳಿಗೆ ನಾನೇ ಮಾಡಿದ ವಸ್ತು ಹಾಕಿದೆ ಅಂತ ನೆನೆಸಿಕೊಂಡರೆ ಹೆಮ್ಮೆಯಾಗುತ್ತದೆ. ನೀನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಇರಲಿ.

ನಿನ್ನ ಕುಳ್ಳಿ

•

ಫೆಬ್ರವರಿ ೯

ಕುಳ್ಳಿ,

ನಾನು ಬಾಯಿಬಿಟ್ಟು ಹೇಳಲಿಲ್ಲ ಅಂತ ಚುಚ್ಚಿದ್ದೀಯ. ಹೇಳುವುದು ನನಗೆ ಬರುವುದಿಲ್ಲ, ಆದ್ದರಿಂದ ಮಾಡಿ ತೋರಿಸಿದ್ದೇನೆ. ಹಗ್ಗದ ಗಂಟೆಯನ್ನು ಕಿತ್ತುಹಾಕಿದೆ.

ನಿನಗೆ ಅದರ ಚರಿತ್ರೆ ಗೊತ್ತಲ್ಲ. ಕೋಣೆಗಳ ಒಳಗೋಡೆಯ ಉದ್ದಕ್ಕೂ ಸೊಂಟದೆತ್ತರಕ್ಕೆ ಹಗ್ಗ. ಒಳಗೆ ಸಿಕ್ಕಿಕೊಂಡವರು ಎಳೆದರೆ ನನ್ನ ಮೇಜಿನ ಮೇಲೆ ಕಬ್ಬಿಣದ ಗುಂಡು ಧೊಪ್ಪೆಂದು ಬೀಳುತ್ತಿತ್ತು. ಕೇಳಿಸದಿದ್ದರೂ ಮೇಜು ನಡುಗಿದ್ದು ಮೊಣಕೈಗೆ ಗೊತ್ತಾಗುತ್ತಿತ್ತು. ನಾನೇ ಕಟ್ಟಿದ್ದು. ನೀನು ವೈರ್‌ಲೆಸ್ ಓದುತ್ತೇನೆ ಅಂದಾಗ "ಗಾಳೀಲಿ ಗಂಟು ಹಾಕೋ ವಿದ್ಯೆ, ಅದರಿಂದ ಹೊಟ್ಟೆ ತುಂಬುತ್ತಾ" ಅಂತ ನಾಲ್ಕು ಜನರ ಮುಂದೆ ನಿನ್ನನ್ನು ಹಂಗಿಸಿದವನೂ ನಾನೇ. ಅವತ್ತಿನಿಂದ ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೆ ಆಯಿತು. ಈಗ ಏಣಿ ಹಾಕಿ, ಹಗ್ಗ ಸುತ್ತಿ, ಗುಂಡನ್ನು ಗುಜರಿಗೆ ಕೊಟ್ಟೆ. ನನ್ನ ಕಡೆಯಿಂದ ಇದೇ ಕ್ಷಮಾಪಣೆ ಅಂತ ತಿಳಿ. ಅಕ್ಕ ಕೆಳಗೆ ನಿಂತು "ಹೆತ್ತವರಿಗೆ ಹೆಗ್ಗಣ ಮುದ್ದು" ಅಂತ ಹಾಸ್ಯ ಮಾಡಿದಳು, ಏಣಿಯನ್ನು ಹಿಡಿದುಕೊಂಡವಳೂ ಅವಳೇ.

ಲಾರಿಗಳು ಬರತೊಡಗಿವೆ. ಈ ಸಲ ಬೆಳೆ ಜೋರು. ಮೂರನೇ ಕೋಣೆ ಆಗಲೇ ಸೂರಿನವರೆಗೆ ತುಂಬಿದೆ, ಮೂಟೆಗಳ ನಡುವೆ ಒಬ್ಬರು ಅಡ್ಡ ನಡೆಯುವಷ್ಟು ಓಣಿ ಬಿಟ್ಟಿದ್ದಾರೆ ಅಷ್ಟೆ. ಅದರ ಬಾಗಿಲನ್ನು ಒಳಗಿನಿಂದ ತೆಗೆಯುವ ಸರಳು ಬಿಗಿದುಕೊಂಡಿದೆ. ಯಜಮಾನರಿಗೆ ಹೇಳಿದೆ. "ಬಿಲ್ಲೆ ಇದೆಯಲ್ಲ, ಸೀಸನ್ ಮುಗೀಲಿ, ನೋಡೋಣ" ಅಂದರು. ನನಗೂ ಸರಿ ಅನ್ನಿಸಿತು.

ಬಿಲ್ಲೆಗಳಿಗೆ ದಿನಾ ಚಾರ್ಜ್ ಹಾಕುತ್ತಿದ್ದೇನೆ, ಮಕ್ಕಳಿಗೆ ಹಾಲು ಕುಡಿಸಿದ ಹಾಗೆ.

ನಿನ್ನಪ್ಪ

•

ಮಾರ್ಚ್ ೧೭

ಕುಳ್ಳಿ,

ಗುಮಾಸ್ತರು ಫೋನ್ ಮಾಡಿ "ಅತ್ತೆಗೆ ಹುಷಾರಿಲ್ಲ, ಬನ್ನಿ" ಅಂತಷ್ಟೇ ಹೇಳಿದ್ದಾರೆ. ಅಷ್ಟೇ ಹೇಳಿ ಅಂದವನು ನಾನು. ನೀನು ದೂರದ ಊರಿನ ಕೆಲಸ ಮುಗಿಸಿ ಹೊರಡುವುದರೊಳಗೆ ಈ ಕಾಗದ ನಿನ್ನ ಕೈ ಸೇರಲಿ. ಎದುರು ನಿಂತು ಇದನ್ನು ಹೇಳಲು ನನ್ನಿಂದ ಆಗುವುದಿಲ್ಲ.

ಶನಿವಾರ ಅರ್ಧ ದಿನ. ಮಧ್ಯಾಹ್ನ ಎಲ್ಲರೂ ಹೊರಟರು. ಕೊಳೆತ ವಾಸನೆ ಬಂತು ಅಂತ ಅಕ್ಕ ಮೂರನೇ ಕೋಣೆಯಲ್ಲಿ ಕೊನೆಯ ಸಾಲಿಗೆ ಹೋಗಿದ್ದಳು. ಹಮಾಲರ ಮೇಸ್ತ್ರಿ ಒಳಗೆ ಒಂದು ಕೂಗು ಹಾಕಿ, ಉತ್ತರ ಬರದಿದ್ದಾಗ ಬಾಗಿಲೆಳೆದು, ಹೊರಗಿನಿಂದ ದೀಪ ಆರಿಸಿ ಹೋದ. ಅವನ ತಪ್ಪೂ ಅಲ್ಲ. ಮೂಟೆಗಳ ಹಿಂದಿನಿಂದ ದನಿ ಬರುವುದಿಲ್ಲ. ಫೋನುಗಳೆಲ್ಲ ಗೇಟಿನ ಡಬ್ಬಿಯಲ್ಲಿ ಇಟ್ಟೇ ಒಳಗೆ ಹೋಗುವುದು.

ನಾನು ಎಲ್ಲಿದ್ದೆ ಗೊತ್ತಾ? ಅದೇ ಕೋಣೆಯ ಹಿಂಗೋಡೆಯ ಈಚೆ. ನನ್ನ ಕುರ್ಚಿಯಲ್ಲಿ. ಡಬ್ಬಿ ಬಿಚ್ಚಿ ಊಟ ಮಾಡಿದೆ. ಪೇಪರ್ ಓದಿದೆ. ಕಣ್ಣು ಹತ್ತಿತು, ಎದ್ದೆ. ಪ್ರತಿ ಸಲ ತಲೆ ಎತ್ತಿದಾಗಲೂ ನಿನ್ನ ಪೆಟ್ಟಿಗೆಯ ಹಸಿರು ದೀಪ ನೋಡಿದೆ. ಹಸಿರು ಅಂದರೆ ಎಲ್ಲ ಸರಿ ಅಂತ ನೀನೇ ಹೇಳಿಕೊಟ್ಟಿದ್ದು. ಮಧ್ಯಾಹ್ನವೆಲ್ಲ ಹಸಿರಾಗಿಯೇ ಇತ್ತು.

ಕತ್ತಲಾಗುವ ಹೊತ್ತಿಗೆ ಕೋಣೆಗಳ ತಾಪಮಾನ ಬರೆದುಕೊಳ್ಳಲು ಹೋದೆ. ಮೂರನೆಯದರ ಬಾಗಿಲು ತೆಗೆದರೆ ಹೊಸಿಲಿನ ಪಕ್ಕದಲ್ಲೇ ಕೂತಿದ್ದಾಳೆ. ಫ್ಯಾನ್ ಗಾಳಿ ನೇರ ಅವಳ ಮೇಲೆ. ಬೆಳಗಿನ ಕೆಲಸದಲ್ಲಿ ಬೆವರಿ ಒದ್ದೆಯಾದ ಬಟ್ಟೆ ಮೈಗೆ ಅಂಟಿದೆ. ತುಟಿ ನೀಲಿ. ಎರಡೂ ಕೈಯಲ್ಲಿ ಬಿಲ್ಲೆಯನ್ನು ಎದೆಗೆ ಅವುಚಿ ಹಿಡಿದಿದ್ದಾಳೆ, ಅದರ ದೀಪ ಮಿನುಗುತ್ತಲೇ ಇದೆ. ಅವಳು ತಲೆ ಎತ್ತಿ ಕೇಳಿದ್ದು ನನಗೆ ತುಟಿ ನೋಡಿ ತಿಳಿಯಿತು: "ಬಂದ್ಯಾ? ಮಗು ಹೇಳ್ತಾ?"

ಮಗು ಅಂದರೆ ನೀನು. ಗುಂಡಿ ಒತ್ತಿದರೆ ನಿನಗೆ ತಿಳಿಯುತ್ತದೆ, ನೀನು ನನಗೆ ಹೇಳುತ್ತೀಯ ಅಂತ ನಂಬಿಕೊಂಡು ಕೂತಿದ್ದಾಳೆ.

ಜೀವಕ್ಕೆ ಅಪಾಯವಿಲ್ಲ ಅಂತ ಡಾಕ್ಟರು ಇವತ್ತು ಹೇಳಿದರು. ಹೃದಯ ಸೋತಿದೆ. ಪಾದಗಳಿಗೆ ಮುಟ್ಟಿದ್ದು ಗೊತ್ತಾಗುತ್ತಿಲ್ಲ. ನಾನು ಹಗ್ಗ ಕಿತ್ತ ಕೈಯನ್ನೇ ನೋಡುತ್ತ ಕೂತಿದ್ದೇನೆ.

ಅಪ್ಪ

•

ಮಾರ್ಚ್ ೩೦

ಅಪ್ಪ,

ಆಸ್ಪತ್ರೆಯಲ್ಲಿ ಅಷ್ಟು ದಿನ ಎದುರುಬದುರು ಕೂತರೂ ನಾವು ಮಾತಾಡಿದ್ದು ಗುಳಿಗೆ, ಹಾಸಿಗೆ, ಬಿಸಿನೀರಿನ ಬಗ್ಗೆ ಮಾತ್ರ. ಅತ್ತೆಯ ಬಿಲ್ಲೆಯನ್ನು ನಾನು ತಂದದ್ದು ನೀನು ನೋಡಿದೆ, ಕೇಳಲಿಲ್ಲ. ಈಗ ಹೇಳುತ್ತೇನೆ.

ಬಿಲ್ಲೆ ಕೆಟ್ಟಿಲ್ಲ. ಚಾರ್ಜ್ ಇತ್ತು. ಪೆಟ್ಟಿಗೆಯೂ ಕೆಟ್ಟಿಲ್ಲ. ಎಲ್ಲ ಸರಿಯಾಗಿದ್ದೂ ಸುದ್ದಿ ಮುಟ್ಟಲಿಲ್ಲ ಅಂದರೆ ನಡುವೆ ಏನಿತ್ತು ಅಂತ ಕೇಳಿಕೊಂಡೆ. ಬಾಗಿಲಿನಿಂದ ನಿನ್ನ ಮೇಜಿನವರೆಗೆ ಸಾಲು ಸಾಲು ಮೂಟೆ. ಮಂಡಿಗೆ ಹೋಗಿ ಒಂದು ಗಾಡಿ ಆಲೂಗಡ್ಡೆ ಮೂಟೆ ತಂದು ನಮ್ಮ ಆಫೀಸಿನ ಹಿಂದಿನ ಗೋದಾಮಿನಲ್ಲಿ ಸಾಲಾಗಿ ಪೇರಿಸಿದೆ. "ಮೇಡಂ ಹೋಟೆಲ್ ಇಡ್ತಾರಂತೆ" ಅಂತ ಹುಡುಗರು ತಮಾಷೆ ಮಾಡಿದರು. ಮೂಟೆಗಳ ಒಂದು ಕಡೆ ಆಂಟೆನಾ, ಇನ್ನೊಂದು ಕಡೆ ಅತ್ತೆಯ ಬಿಲ್ಲೆ. ಒಂದು ಸಾಲು ಅಡ್ಡ ಬಂದಾಗ ಸುದ್ದಿ ಕುಂಟಿಕೊಂಡು ಬಂತು. ಎರಡು ಸಾಲಿಗೆ ಒಮ್ಮೆ ಬಂತು, ಒಮ್ಮೆ ಇಲ್ಲ. ಮೂರನೆಯದು ಪೇರಿಸಿದ ಮೇಲೆ ಏನೂ ಇಲ್ಲ. ಬಿಲ್ಲೆಯ ದೀಪ ಮಾತ್ರ ಜಾಣನ ಹಾಗೆ ಮಿನುಗುತ್ತಿತ್ತು.

ನಿನಗೆ ಬಿಡಿಸಿ ಹೇಳುತ್ತೇನೆ. ರೇಡಿಯೋ ಅಲೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವುದೇ ಅದರ ಹಣೆಬರಹ. ನಮ್ಮ ಬಿಲ್ಲೆಯದು ಬಹಳ ಬೇಗ ಬೇಗ ಅಲುಗುವ ಅಲೆ. ಅಂಥದ್ದನ್ನು ನೀರು ನುಂಗಿಬಿಡುತ್ತದೆ. ನಿಧಾನಕ್ಕೆ ಅಲುಗುವ ಅಲೆ ಅದೇ ನೀರಿನಲ್ಲಿ ಇನ್ನಷ್ಟು ದೂರ ನುಸುಳುತ್ತದೆ. ಉಪ್ಪುನೀರಾದರೆ ಅದಕ್ಕೂ ಕಷ್ಟ; ಸಮುದ್ರದಡಿಯ ಹಡಗುಗಳಿಗೆ ಸುದ್ದಿ ಕಳಿಸುವವರು ತೀರ ನಿಧಾನದ ಅಲೆಗಳನ್ನು ಹುಡುಕಿಕೊಳ್ಳುತ್ತಾರೆ. ಆದರೆ ಅಲೆ ನಿಧಾನವಾದಷ್ಟೂ ಆಂಟೆನಾ ಉದ್ದ ಬೇಕು. ನಾವು ಮೊದಲು ಮಾಡಿದ ನಿಧಾನದ ಅಲೆಯ ಬಿಲ್ಲೆಗೆ ಬಾಲವಿತ್ತು, ನೋಡಲು ಸೌಟಿನ ಹಾಗಿತ್ತು. "ಇದನ್ನ ಯಾರು ಕೊರಳಿಗೆ ಹಾಕ್ಕೋತಾರೆ" ಅಂತ ಪಕ್ಕಕ್ಕಿಟ್ಟು ಈ ಅಂದದ ಚಿಕ್ಕದನ್ನು ಆರಿಸಿದವಳು ನಾನು. ಮೊನ್ನೆ ಆ ಸೌಟನ್ನು ಅಟ್ಟದಿಂದ ಇಳಿಸಿ ಅವೇ ಮೂಟೆಗಳ ಹಿಂದೆ ಇಟ್ಟೆ. ಎಲ್ಲ ಸಾಲುಗಳನ್ನೂ ದಾಟಿ ಸುದ್ದಿ ಬಂತು.

ನೀರಿನ ವಿಷಯ ನನಗೆ ಗೊತ್ತಿರಲಿಲ್ಲ ಅಂತಲ್ಲ, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಆದರೆ ನೀರು ಅಂದರೆ ನನ್ನ ತಲೆಯಲ್ಲಿ ಕೆರೆ, ಮಳೆ, ಕಡಲು. ಆಲೂಗಡ್ಡೆಯಲ್ಲಿ ಐದು ಪಾಲಿಗೆ ನಾಲ್ಕು ಪಾಲು ನೀರು ಅಂತ ಹೊಳೆಯಲೇ ಇಲ್ಲ. ಜನವರಿಯಲ್ಲಿ ಖಾಲಿ ಕೋಣೆಯಲ್ಲಿ ನಾವು ಪರೀಕ್ಷೆ ಮಾಡಿದ್ದು ಬರೀ ಗಾಳಿಯನ್ನು. ಅತ್ತೆ ಸಿಕ್ಕಿಬಿದ್ದದ್ದು ಕೆರೆಯ ತಳದಲ್ಲಿ. ಅದೂ ಬಿಲ್ಲೆಯನ್ನು ಎದೆಗೆ ಅವುಚಿಕೊಂಡು. ನಮ್ಮ ಮೈಯೂ ಬಹುಪಾಲು ನೀರೇ ಅಲ್ಲವೇ.

ಇನ್ನೊಂದು ಮಾತು ಇದಕ್ಕಿಂತ ಕೆಟ್ಟದ್ದು. ಆ ದೀಪ ಮಿನುಗಿದರೆ "ನಾನು ಕೂಗಿದೆ" ಅಂತ ಅರ್ಥ, "ಯಾರೋ ಕೇಳಿಸಿಕೊಂಡರು" ಅಂತಲ್ಲ. ನಿನ್ನ ಪೆಟ್ಟಿಗೆಯ ಹಸಿರಿಗೆ "ಕರೆಂಟ್ ಇದೆ" ಅನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಇದನ್ನು ನಾನು ನಿಮಗೆ ಹೇಳಿಕೊಡಲಿಲ್ಲ. ದೀಪ ಇಲ್ಲದಿದ್ದರೆ ಅತ್ತೆ ಬಾಗಿಲು ಬಡಿಯುತ್ತಿದ್ದಳು, ಮೈ ಬೆಚ್ಚಗಿರಲಿ ಅಂತ ಓಡಾಡುತ್ತಿದ್ದಳು, ಖಾಲಿ ಗೋಣಿ ಹೊದೆಯುತ್ತಿದ್ದಳು. ದೀಪ ಇದ್ದದ್ದರಿಂದ ಸುಮ್ಮನೆ ಕೂತಳು.

ನಾಳೆ ಮುಖ್ಯಸ್ಥರಿಗೆ ಎಲ್ಲ ಹೇಳುತ್ತೇನೆ. ಹತ್ತಾರು ಸ್ಟೋರೇಜುಗಳಲ್ಲಿ ಇದೇ ಬಿಲ್ಲೆ ಇದೆ, ಈಗ ಎಲ್ಲವೂ ತುಂಬಿರುವ ಕಾಲ.

ಕುಳ್ಳಿ

•

ಏಪ್ರಿಲ್ ೩

ಕುಳ್ಳಿ,

ನಿನ್ನ ಕಾಗದ ಬರುವ ಮೊದಲೇ ಇಲ್ಲಿ ಎಲ್ಲ ಮುಗಿದಿದೆ. ಯಜಮಾನರು ವಿಚಾರಣೆಗೆ ಕರೆದರು, ನಿಮ್ಮ ಮುಖ್ಯಸ್ಥರ ಕಡೆಯವರೂ ಬಂದಿದ್ದರು. ಹಿಂದಿನ ಸಂಜೆ ಬಿಲ್ಲೆಗಳನ್ನು ಚಾರ್ಜಿಗೆ ಹಾಕಲು ಮರೆತೆ, ಅಕ್ಕನ ಬಿಲ್ಲೆ ಸತ್ತುಹೋಗಿತ್ತು ಅಂತ ಹೇಳಿದೆ. ರುಜು ಹಾಕಿದೆ. ಕೆಲಸದಿಂದ ತೆಗೆದರು. ಹೇಗೂ ಕಿವುಡನನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳುತ್ತಿದ್ದರು.

ನಿಮ್ಮ ಕಡೆಯವರು ನನ್ನ ಕೈ ಕುಲುಕಿ ಹೋದರು, ಮದುವೆಮನೆಯಲ್ಲಿ ಬೀಗರು ಕುಲುಕುವ ಹಾಗೆ.

ನೀನೀಗ ಆ ಮೂಟೆಗಳನ್ನು ಮಾರಿಬಿಟ್ಟು ಸುಮ್ಮನಿರು. ನಿನ್ನ ಬದುಕು ಈಗ ತಾನೇ ನೆಟ್ಟಗಾಗುತ್ತಿದೆ. ಒಬ್ಬರ ತಲೆ ಹೋಗಲೇಬೇಕು ಅಂದರೆ ಹಣ್ಣಾದ ತಲೆ ಹೋಗಲಿ.

ನಿನ್ನಪ್ಪ

•

ಏಪ್ರಿಲ್ ೧೦

ಅಪ್ಪ,

ನಿನ್ನ ಕಾಗದ ಓದಿ ನನಗೆ ಅಳುವೂ ಬರಲಿಲ್ಲ, ಕೋಪವೂ ಬರಲಿಲ್ಲ. ಕೋಪ ಈಗ ಬಂದಿದೆ, ಬರೆಯುತ್ತೇನೆ.

ಮುಖ್ಯಸ್ಥರನ್ನು ಗೋದಾಮಿಗೆ ಕರೆದುಕೊಂಡು ಹೋಗಿ ಮೂಟೆಗಳ ಮುಂದೆ ನಿಲ್ಲಿಸಿ ತೋರಿಸಿದೆ. ಪೂರ್ತಿ ನೋಡಿದರು. ಆಮೇಲೆ ಮೇಜಿನಿಂದ ನಿನ್ನ ಹೇಳಿಕೆ ತೆಗೆದು ನನ್ನ ಮುಂದಿಟ್ಟು ಅಂದರು: "ಗೋದಾಮಿನ ಆಟ ಬೇರೆ, ನಡೆದದ್ದು ಬೇರೆ. ಚಾರ್ಜ್ ಇರ್ಲಿಲ್ಲ ಅಂತ ನಿಮ್ಮ ತಂದೆಯವರೇ ಒಪ್ಪಿಕೊಂಡಿದ್ದಾರೆ. ಅವರು ಸುಳ್ಳು ಹೇಳ್ತಿದ್ದಾರೆ ಅಂತೀರಾ?" ಮಾರನೆಯ ದಿನ ಉಳಿದ ಸ್ಟೋರೇಜುಗಳಿಗೆಲ್ಲ ನಾನೇ ಫೋನ್ ಮಾಡಿದೆ. ಎಲ್ಲರ ಬಾಯಲ್ಲೂ ಒಂದೇ ರಾಗ: "ಅದು ಮೆಕ್ಯಾನಿಕ್ ತಪ್ಪಂತಲ್ಲ. ನಾವು ದಿನಾ ಚಾರ್ಜ್ ಹಾಕ್ತೀವಿ ಬಿಡಿ." ನಿನ್ನ ರುಜು ಅವರಿಗೆಲ್ಲ ಧೈರ್ಯ ಕೊಟ್ಟಿದೆ, ಅಪ್ಪ. ನಿಮ್ಮ ಸೇತುವೆಯಾಚೆಯ ಸ್ಟೋರೇಜಿನವರು ಹೊಸದಾಗಿ ಬಿಲ್ಲೆ ತರಿಸಿಕೊಂಡಿದ್ದಾರೆ. ಅದರ ಮಾರನೆಯ ದಿನವೇ ತಮ್ಮಲ್ಲಿದ್ದ ಹಳೆಯ ಗಂಟೆ ಬಿಚ್ಚಿದರಂತೆ.

ನನ್ನ ಅನ್ನ ಉಳಿಸಲು ನೀನು ಹೇಳಿದ ಸುಳ್ಳು ಎಷ್ಟು ಜನರ ಕೊರಳಿನಲ್ಲಿ ನೇತಾಡುತ್ತಿದೆ ಯೋಚನೆ ಮಾಡು. ಇನ್ನೊಬ್ಬರು ಒಳಗೆ ಸಿಕ್ಕಿಕೊಂಡರೆ ಅವರೂ ದೀಪ ನೋಡುತ್ತ ಕೂರುತ್ತಾರೆ. ಹೇಳಿಕೆ ವಾಪಸ್ ತೆಗೆದುಕೋ. ಇಲ್ಲವಾದರೆ ಅತ್ತೆಯನ್ನು ಕೇಳಲಿ. ದೀಪ ಉರಿಯುತ್ತಿತ್ತೋ ಇಲ್ಲವೋ ಅಂತ ಕಣ್ಣಾರೆ ನೋಡಿದವಳು ಅವಳು, ಅವಳನ್ನು ಯಾರೂ ಒಂದು ಮಾತು ಕೇಳಿಲ್ಲ.

ಕುಳ್ಳಿ

•

ಏಪ್ರಿಲ್ ೧೬

ಕುಳ್ಳಿ,

ವಾಪಸ್ ತೆಗೆದುಕೊಳ್ಳುವುದಿಲ್ಲ. ಅಕ್ಕನನ್ನು ಕೇಳಿದರೆ ದೀಪ ಇರಲಿಲ್ಲ ಅಂತಲೇ ಹೇಳುತ್ತಾಳೆ. ನಾನು ಕೇಳಿಕೊಂಡೆ, ಅವಳು ಒಪ್ಪಿದ್ದಾಳೆ. ಬೇರೆಯವರ ಕೊರಳು ಬೇರೆಯವರು ನೋಡಿಕೊಳ್ಳಲಿ, ನನಗೆ ಇರುವುದು ಒಬ್ಬಳೇ ಮಗಳು.

ಅಪ್ಪ

•

ಏಪ್ರಿಲ್ ೨೯

ನನ್ನ ಮಗುವಿಗೆ, ನಿನ್ನ ಅತ್ತೆಯಿಂದ.

ನಿನಗೆ ನಾನು ಈ ಮೊದಲು ಕಾಗದ ಬರೆದದ್ದಿಲ್ಲ. ದಿಂಬಿಗೊರಗಿ ಬರೆಯುತ್ತಿದ್ದೇನೆ. ಪಾದ ಇನ್ನೂ ನನ್ನವಲ್ಲ. ನೆಲಕ್ಕೆ ಇಟ್ಟರೆ ಯಾರದೋ ಚಪ್ಪಲಿ ಹಾಕಿಕೊಂಡ ಹಾಗಿರುತ್ತದೆ. ಹಿಡಿದುಕೊಂಡು ಬಚ್ಚಲಿನವರೆಗೆ ಹೋಗುತ್ತೇನೆ. ನಿಮ್ಮಪ್ಪ ಕೆಲಸವಿಲ್ಲದೆ ಮನೆಯಲ್ಲಿದ್ದಾನೆ, ದಿನಾ ನನಗೆ ಅಡುಗೆ ಮಾಡುತ್ತಾನೆ. ಕಂಪ್ರೆಸರಿಗೆ ಎಣ್ಣೆ ಹಾಕಿದ ಕೈ, ಎಲ್ಲದಕ್ಕೂ ಎಣ್ಣೆ ಜಾಸ್ತಿ.

ದೀಪ ಇರಲಿಲ್ಲ ಅಂತ ಹೇಳಲು ನಾನು ಒಪ್ಪಿದ್ದು ನಿಜ. ಅವನು ನನ್ನ ಕಾಲ ಹತ್ತಿರ ಕೂತು ಕೇಳಿದ. ಚಿಕ್ಕಂದಿನಲ್ಲಿ ತಿಂಡಿ ಕದ್ದು ಸಿಕ್ಕಿಬಿದ್ದಾಗಲೂ ಹೀಗೇ ಬಂದು ಕೂರುತ್ತಿದ್ದ. ನನಗೆ ಅವನೂ ಬೇಕು, ನೀನೂ ಬೇಕು. ಒಂದು ಸುಳ್ಳಿಗೆ ಇಬ್ಬರೂ ಉಳಿಯುವುದಾದರೆ ಆಗಲಿ ಅಂದುಕೊಂಡೆ. ಆದರೆ ಮಗು, ಒಪ್ಪಿದ ದಿನದಿಂದ ನನಗೆ ಊಟ ಸೇರಲಿಲ್ಲ. ಆ ಕತ್ತಲಲ್ಲಿ ನನಗೆ ಕಂಡದ್ದು ಅದೊಂದೇ. ಚಳಿ ಏರಿದಾಗ ಒತ್ತುವೆ, ಮಿನುಗುತ್ತದೆ, ಅಗೋ ನನ್ನ ಮಗು ಕೇಳಿಸಿಕೊಂಡಳು ಅನ್ನುವೆ. ಬಾಗಿಲು ಬಡಿಯಲು ಒಮ್ಮೆ ಎದ್ದೆ. ಸುದ್ದಿ ಹೋಗಿದೆಯಲ್ಲ, ಸುಮ್ಮನೆ ಯಾಕೆ ಗಲಾಟೆ ಅಂತ ಕೂತೆ. ಅದನ್ನೇ ಇರಲಿಲ್ಲ ಅನ್ನಬೇಕಂತೆ.

ನೀನು ಇದಕ್ಕಾಗಿ ಮನಸ್ಸು ಕೊರಗಿಸಿಕೊಳ್ಳಬೇಡ. ನನಗೆ ನಿನ್ನ ಮೇಲೆ ಸಿಟ್ಟಿತ್ತು, ಸುಳ್ಳೇಕೆ. ಆಸ್ಪತ್ರೆಯಲ್ಲಿ ನೀನು ತಲೆ ಬಾಚಲು ಬಂದಾಗ ಅದಕ್ಕೇ ಮುಖ ತಿರುಗಿಸಿದ್ದು. ಈಗ ಇಲ್ಲ.

ನಿನ್ನೆ ಸಂಜೆ ಸೇತುವೆಯಾಚೆಯ ಸ್ಟೋರೇಜಿನಲ್ಲಿ ಗಡ್ಡೆ ಆರಿಸುವವಳು ನನ್ನನ್ನು ನೋಡಲು ಬಂದಳು. ನನ್ನ ವಯಸ್ಸಿನವಳೇ, ಹಿಂದೆ ಒಂದೇ ಕಡೆ ಕೆಲಸ ಮಾಡಿದವರು, ಒಂದೇ ಡಬ್ಬಿಯಲ್ಲಿ ಉಂಡವರು. ಕೆಲಸದಿಂದ ನೇರ ಬಂದಿದ್ದಳು, ಕೊರಳಲ್ಲಿ ನಿನ್ನ ಬಿಲ್ಲೆ. ನಿಮ್ಮಪ್ಪ ಅವಳಿಗೆ ಕುರ್ಚಿ ಹಾಕಿ, ಟೀ ಕೊಟ್ಟು, ಬಾಗಿಲ ಹತ್ತಿರ ನಿಂತ. ಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು.

ಅವಳು ಅದು ಇದು ಮಾತಾಡಿ ನನ್ನ ಪಾದ ಸವರಿ ಅಂದಳು: "ನಿಂದು ಚಾರ್ಜ್ ಇರ್ಲಿಲ್ವಂತೆ. ನಂಗೂ ಮೊದ್ಲು ಹೆದರಿಕೆ ಆಯ್ತು ಕಣೆ. ಈಗ ನಮ್ಮಲ್ಲಿ ದಿನಾ ನಾನೇ ಹಾಕ್ತೀನಿ. ನೋಡು ಹೇಗೆ ಮಿನುಗುತ್ತೆ." ಒತ್ತಿ ತೋರಿಸಿದಳು. ಮಿನುಗಿತು. "ಇದು ಹೀಗೆ ಮಿನುಗಿದ್ರೆ ಸಾಕಲ್ಲ? ನಾಳೆ ಹಿಂದಿನ ಸಾಲಿಗೆ ನಾನೊಬ್ಳೇ ಹೋಗ್ಬೇಕು."

ನಾನು ನಿಮ್ಮಪ್ಪನ ಮುಖ ನೋಡಿದೆ. ಅವನಿಗೆ ಮಾತು ಕೇಳಿಸಿರಲಿಲ್ಲ, ಬಿಲ್ಲೆ ಮಿನುಗಿದ್ದು ಕಂಡಿತ್ತು.

"ನಂದೂ ಮಿನುಗ್ತಿತ್ತು," ಅಂದೆ.

ಅವಳು ಟೀ ಲೋಟವನ್ನು ಹಾಗೇ ಹಿಡಿದುಕೊಂಡು ಕೂತಳು. ನಿಮ್ಮಪ್ಪ ಎರಡು ಹೆಜ್ಜೆ ಒಳಗೆ ಬಂದ. "ಏನಂದೆ, ಅಕ್ಕ?" ಅಂತ ಕೇಳಿದ. ಅವನ ಕಿವಿಯ ವಿಷಯ ನಿನಗೆ ಗೊತ್ತಲ್ಲ, ಮೆಲ್ಲಗೆ ಹೇಳಿದರೆ ತಲುಪುವುದಿಲ್ಲ. ನಾನು ಎರಡೂ ಕೈ ಹಾಸಿಗೆಗೆ ಊರಿ, ಎದೆಯಲ್ಲಿ ಇದ್ದಷ್ಟು ಉಸಿರನ್ನೂ ಎಳೆದುಕೊಂಡು ಕೂಗಿದೆ: "ನಂದೂ ಮಿನುಗ್ತಿತ್ತು ಅಂದೆ ಕಣೋ. ನೀನು ಬಾಗ್ಲು ತೆಗೆಯೋವರೆಗೂ ಮಿನುಗ್ತಿತ್ತು. ಯಾರೂ ಬರ್ಲಿಲ್ಲ."

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಅವಳು ಲೋಟ ಕೆಳಗಿಟ್ಟು ಬಿಲ್ಲೆಯನ್ನು ಕೊರಳಿನಿಂದ ತೆಗೆದು ನನ್ನ ಹೊದಿಕೆಯ ಮೇಲೆ ಇಟ್ಟಳು. ನಿಮ್ಮಪ್ಪ ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಕೂತ. ಈ ಸಲ ಅವನಿಗೆ ಕೇಳಿಸಿತ್ತು.

ನಿನ್ನ ಕೆಲಸ ಹೋದರೆ ಮನೆಗೆ ಬಾ.

ಅತ್ತೆ